ಬೆಟ್ಟದ ಕುರಿಗಳ ರಕ್ಷಣೆಯಲ್ಲಿ ಬೇಟೆಗಾರರ ಪಾಲು

೧

ಬೇಲಿಯೇ ಎದ್ದು ಹೊಲವನ್ನು ಮೇಯ್ದ ಕಥೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ಹೊಲವನ್ನು ಮೇಯುತ್ತಿದ್ದವನೇ ಮುಂದೊಂದು ಕಾಲಕ್ಕೆ ಬೇಲಿಯಾಗಿ ನಿಂತ ಕಥೆ ಮಾತ್ರ ಅಪರೂಪ. ಉತ್ತರ ಅಮೆರಿಕದ ಪರ್ವತಗಳಲ್ಲಿ ವಾಸಿಸುವ ಕಾಡುಕುರಿಗಳ ಕಳೆದ ನೂರೈವತ್ತು ವರ್ಷಗಳ ಇತಿಹಾಸ ಅಂಥದೊಂದು ಕಥೆ. ಆ ಕುರಿಗಳನ್ನು ನಿರ್ನಾಮದ ಹೊಸ್ತಿಲಿಗೆ ತಂದವರಲ್ಲಿ ಬೇಟೆಗಾರರು ಸೇರಿದ್ದರು. ಅವುಗಳನ್ನು ಅಲ್ಲಿಂದ ಹಿಂದಕ್ಕೆ ಕರೆತಂದವರ ಮುಂದಾಳುಗಳಲ್ಲಿಯೂ ಬೇಟೆಗಾರರೇ ಇದ್ದರು.

ಅಹಿಂಸೆಯೇ ಪರಮಧರ್ಮವೆಂದು ಕೇಳುತ್ತ ಬೆಳೆದ ನಮಗೆ ಈ ಮಾತು ಸುಲಭವಾಗಿ ಒಪ್ಪಿಗೆಯಾಗತಕ್ಕದ್ದಲ್ಲ. ಒಂದು ಪ್ರಾಣಿಯನ್ನು ಕೊಲ್ಲಲು ಹಣ ಕೊಡುವವನು ಆ ಪ್ರಾಣಿಯ ಬಂಧುವೆಂದು ಹೇಳಿಕೊಂಡರೆ ಸಂಶಯಪಡುವುದು ಸಹಜವೇ. ಪ್ರಸ್ತುತ ಲೇಖಕನು ಬಂದೂಕನ್ನು ಕೈಯಲ್ಲಿ ಹಿಡಿದವನಲ್ಲ. ಬೇಟೆಯ ಪಕ್ಷಪಾತಿಯೂ ಅಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಎರಡು ದಶಕಗಳನ್ನು ಕಳೆದವನಾದುದರಿಂದ, ಯಾವುದೇ ಧರ್ಮಕಾರ್ಯದ ಸಮಾಚಾರ ಕಿವಿಗೆ ಬಿದ್ದರೂ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಅವನಿಗಾಗಿದೆ: ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅಸಲು ಉಳಿಯಿತೆ? ಕಾಡುಕುರಿಗಳ ವಿಷಯವನ್ನೂ ಇದೇ ಮೂರು ಪ್ರಶ್ನೆಗಳಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪ್ರಾಣಿಯ ಪರಿಚಯ. ಉತ್ತರ ಅಮೆರಿಕದಲ್ಲಿ ಎರಡು ಜಾತಿಯ ಕಾಡುಕುರಿಗಳಿವೆ. ಅಲಾಸ್ಕ ಮತ್ತು ವಾಯವ್ಯ ಕೆನಡದ ತೆಳುಗೊಂಬಿನ ಕುರಿ ಒಂದು. ರಾಕಿ ಪರ್ವತಗಳಿಂದ ಮೆಕ್ಸಿಕೋದ ಮರುಭೂಮಿಯವರೆಗೆ ಹಬ್ಬಿರುವ ಬಿಗ್‌ಹಾರ್ನ್, ಎಂದರೆ ಹಿರಿಗೊಂಬಿನ ಕುರಿ, ಇನ್ನೊಂದು. ಇವುಗಳ ಪೂರ್ವಜರು ಹಿಮಯುಗದಲ್ಲಿ ಸೈಬೀರಿಯದಿಂದ ಅಲಾಸ್ಕಕ್ಕಿದ್ದ ನೆಲಸೇತುವೆಯನ್ನು ದಾಟಿ ಬಂದವರೆಂದು ಶಾಸ್ತ್ರಜ್ಞರ ಮತ. ಹಿರಿಗೊಂಬಿನ ಟಗರಿನ ಕೊಂಬುಗಳು ಹಿಂದಕ್ಕೆ ಬಾಗಿ, ಕೆನ್ನೆಯ ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೆ ಬರುತ್ತವೆ. ಬಲಿತ ಟಗರಿನ ಎರಡು ಕೊಂಬುಗಳ ತೂಕ ಹದಿನಾಲ್ಕು ಕಿಲೋಗ್ರಾಮಿನವರೆಗೆ ಇರಬಲ್ಲುದು. ಜಿಂಕೆಯ ಕವಲುಗೊಂಬಿನಂತೆ ಇದು ವರ್ಷಕ್ಕೊಮ್ಮೆ ಉದುರುವುದಿಲ್ಲ. ಬದುಕಿರುವಷ್ಟು ಕಾಲ ಬೆಳೆಯುತ್ತ ಹೋಗುತ್ತದೆ, ಪ್ರತಿ ಚಳಿಗಾಲಕ್ಕೂ ಒಂದೊಂದು ಉಂಗುರ ಬೀಳುತ್ತದೆ. ಕೊಂಬಿನ ಉಂಗುರಗಳನ್ನು ಎಣಿಸಿ ಟಗರಿನ ವಯಸ್ಸು ಹೇಳಬಹುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಕುರಿಗಳು ಇಪ್ಪತ್ತು ಲಕ್ಷದಷ್ಟಿದ್ದುವೆಂಬ ಹಳೆಯ ಅಂದಾಜೊಂದುಂಟು. ಅದು ಅತಿಶಯವೆಂದು ಇಂದಿನ ವಿದ್ವಾಂಸರು ಭಾವಿಸುತ್ತಾರೆ. ಸಂಖ್ಯೆ ಎಷ್ಟೇ ಇರಲಿ, ಕುಸಿತದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಪಶ್ಚಿಮ ಪ್ರಾಂತಗಳಲ್ಲಿ ಚಿನ್ನಬೆಳ್ಳಿಗಳ ಗಣಿಗಳು ತೆರೆದಾಗ ಕೂಲಿಗಳ ಊಟಕ್ಕೆ ಮಾಂಸ ಬೇಕಾಯಿತು. ಕಾಡುಕುರಿಯ ಮಾಂಸ ಸಂತೆಯ ಸರಕಾಯಿತು. ಅದೇ ಕಾಲಕ್ಕೆ ಸಾಕುಕುರಿಗಳ ದೊಡ್ಡ ದೊಡ್ಡ ಹಿಂಡುಗಳು ಬೆಟ್ಟದ ಹುಲ್ಲುಗಾವಲುಗಳನ್ನು ಏರಿದುವು. ಅವು ಹುಲ್ಲನ್ನು ಕಸಿದುಕೊಂಡುವಲ್ಲದೆ, ಕಾಡುಕುರಿಗಳು ಹಿಂದೆಂದೂ ಕಂಡರಿಯದ ಕಜ್ಜಿಯನ್ನೂ ಶ್ವಾಸಕೋಶದ ರೋಗಗಳನ್ನೂ ತಂದುವು. ಹೀಗೆ ಗುಂಡು, ಹಸಿವು, ರೋಗ ಮೂರೂ ಒಟ್ಟಿಗೆ ಎರಗಿದ ಫಲವಾಗಿ, ಇಪ್ಪತ್ತನೆಯ ಶತಮಾನದ ಮೊದಲ ಭಾಗದೊಳಗೆ ಅನೇಕ ಪರ್ವತಗಳಲ್ಲಿ ಹಿರಿಗೊಂಬಿನ ಕುರಿ ಹೆಸರಿಗೂ ಉಳಿಯಲಿಲ್ಲ.

೩

ಎಚ್ಚರ ಮೊದಲು ಹುಟ್ಟಿದ್ದು ಬೇಟೆಗಾರರಲ್ಲಿಯೇ. ಅದಕ್ಕೆ ಕಾರಣ ಸರಳ: ಕುರಿ ಇಲ್ಲವೆಂಬುದು ಅದನ್ನು ಹುಡುಕಿಕೊಂಡು ಬೆಟ್ಟ ಹತ್ತಿದವನಿಗೆ ಮೊದಲು ತಿಳಿಯುತ್ತದೆ. ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್, ಜಾರ್ಜ್ ಬರ್ಡ್ ಗ್ರಿನೆಲ್ ಮೊದಲಾದವರು ೧೮೮೭ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರ ಕೂಟವೇ. ಮಾರಾಟಕ್ಕಾಗಿ ನಡೆಯುವ ಕೊಲೆ ಬೇರೆ, ನಿಯಮಬದ್ಧವಾದ ಬೇಟೆ ಬೇರೆ ಎಂದು ವಿಂಗಡಿಸಿ, ಮೊದಲನೆಯದನ್ನು ಕಾನೂನಿನಿಂದ ನಿಲ್ಲಿಸಬೇಕೆಂದು ಇಂಥ ಕೂಟಗಳು ವಾದಿಸಿದುವು. ಕಾನೂನಿಗೆ ವಿರುದ್ಧವಾಗಿ ಕೊಂದ ಪ್ರಾಣಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ತಡೆಯುವ ಲೇಸಿ ಶಾಸನ ೧೯೦೦ರಲ್ಲಿ ಬಂತು.

ಆದರೆ ಕೇವಲ ನಿಷೇಧದಿಂದ ಕುರಿ ಉಳಿಯಲಿಲ್ಲ. ಕಾವಲುಗಾರನಿಗೆ ಸಂಬಳ ಬೇಕು, ನೆಲ ಬೇಕು, ಮರುಭೂಮಿಯಲ್ಲಿ ನೀರು ಬೇಕು. ಈ ಕೊರತೆಯನ್ನು ತುಂಬಿದ್ದು ೧೯೩೭ರ ಪಿಟ್‌ಮನ್-ರಾಬರ್ಟ್‌ಸನ್ ಶಾಸನ. ಅದರ ರಚನೆಯನ್ನು ಸ್ವಲ್ಪ ವಿವರವಾಗಿ ನೋಡತಕ್ಕದ್ದು. ಬೇಟೆಯ ಬಂದೂಕುಗಳ ಮತ್ತು ತೋಟೆಗಳ ಮೇಲೆ ತಯಾರಕರು ಕೊಡುವ ಶೇಕಡಾ ೧೧ರ ಸುಂಕವನ್ನು ಈ ಶಾಸನ ಸಾಮಾನ್ಯ ಬೊಕ್ಕಸದಿಂದ ಬೇರ್ಪಡಿಸಿ, ವನ್ಯಜೀವಿಗಳ ಕಾರ್ಯಕ್ಕೇ ಮೀಸಲಿಟ್ಟಿತು. ರಾಜ್ಯಗಳಿಗೆ ಹಂಚುವಾಗ ಅರ್ಧವನ್ನು ರಾಜ್ಯದ ವಿಸ್ತೀರ್ಣವನ್ನೂ ಉಳಿದರ್ಧವನ್ನು ಅಲ್ಲಿ ಬೇಟೆಯ ಪರವಾನಗಿ ಪಡೆದವರ ಸಂಖ್ಯೆಯನ್ನೂ ನೋಡಿ ನಿರ್ಧರಿಸುವುದು ನಿಯಮ. ಒಂದು ಕಾರ್ಯಕ್ಕೆ ತಗಲುವ ವೆಚ್ಚದಲ್ಲಿ ನಾಲ್ಕರಲ್ಲಿ ಮೂರು ಪಾಲಿನವರೆಗೆ ಕೇಂದ್ರದಿಂದ ಬರುತ್ತದೆ. ನಾಲ್ಕನೆಯ ಪಾಲನ್ನು ರಾಜ್ಯ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ ಇನ್ನೊಂದಿದೆ. ಬೇಟೆಗಾರರು ಕೊಟ್ಟ ಪರವಾನಗಿಯ ಶುಲ್ಕವನ್ನು ರಸ್ತೆಗೋ ಶಾಲೆಗೋ ತಿರುಗಿಸುವ ರಾಜ್ಯಕ್ಕೆ ಈ ನಿಧಿಯಿಂದ ಒಂದು ಕಾಸೂ ಸಿಗದು.

ಲೆಕ್ಕ ಬಲ್ಲವರಿಗೆ ಈ ಕೊನೆಯ ಕಟ್ಟಳೆಯ ಬೆಲೆ ತಿಳಿಯುತ್ತದೆ. ಧರ್ಮಾರ್ಥವಾಗಿ ಕೂಡಿಸಿದ ಹಣ ಬೇರೆ ಖಾತೆಗೆ ಜಾರಿಹೋಗುವುದು ಲೋಕಾನುಭವ. ಇಲ್ಲಿ ಜಾರುವ ದಾರಿಯನ್ನೇ ಮುಚ್ಚಲಾಯಿತು. ಬೇಟೆಗಾರರ ಸದ್ಭಾವನೆ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ಇಂಥ ಖಾತೆಯೊಂದು ದೊರೆಯದಿದ್ದರೆ ಅದು ಸಭೆಯ ಭಾಷಣದಲ್ಲಿಯೇ ಮುಗಿಯುತ್ತಿತ್ತೆಂದು ಹೇಳಬಹುದು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು: ೧೯೭೦ರಲ್ಲಿ ಕೈಬಂದೂಕುಗಳ ಸುಂಕವೂ ಈ ನಿಧಿಗೆ ಸೇರಿತಾದ್ದರಿಂದ, ಇಂದು ಈ ಹಣದ ದೊಡ್ಡ ಪಾಲು ಎಂದೂ ಬೇಟೆಯಾಡದವರ ಜೇಬಿನಿಂದ ಬರುತ್ತಿದೆ. ಎಲ್ಲವೂ ನಮ್ಮದೇ ಎಂದು ಬೇಟೆಗಾರರು ಹೇಳಿಕೊಳ್ಳುವಂತಿಲ್ಲ.

ಇದೇ ಕಾಲದಲ್ಲಿ ಅರಿಜೋನದಲ್ಲಿ ಒಂದು ಸ್ವಾರಸ್ಯಕರವಾದ ಚಳವಳಿ ನಡೆಯಿತು. ಹೆಸರಾಂತ ಯುದ್ಧಚರನಾಗಿದ್ದ ಫ್ರೆಡರಿಕ್ ರಸೆಲ್ ಬರ್ನ್‌ಹಾಮ್ ಎಂಬವನ ಪ್ರೇರಣೆಯಿಂದ ಅಲ್ಲಿಯ ಬಾಲಚರರು ೧೯೩೬ರಲ್ಲಿ ಮರುಭೂಮಿಯ ಹಿರಿಗೊಂಬಿನ ಕುರಿಯನ್ನು ಉಳಿಸಿರೆಂದು ಊರೂರಲ್ಲಿ ಪ್ರಚಾರ ಮಾಡಿದರು. ೧೯೩೯ರಲ್ಲಿ ಕೋಫ ಮತ್ತು ಕಬೇಸ ಪ್ರಿಯೇಟ ಎಂಬ ಎರಡು ಅಭಯಾರಣ್ಯಗಳು ಸ್ಥಾಪಿತವಾದುವು. ಎರಡರ ವಿಸ್ತೀರ್ಣ ಸೇರಿ ಹದಿನೈದು ಲಕ್ಷ ಎಕರೆ. ೧೯೬೦ರ ದಶಕದಲ್ಲಿ ನೆವಾಡ, ಕ್ಯಾಲಿಫೋರ್ನಿಯ, ಅರಿಜೋನಗಳಲ್ಲಿ ಹುಟ್ಟಿದ ಕುರಿಪ್ರಿಯರ ಸಂಘಗಳ ಸದಸ್ಯರು, ಬಹುಪಾಲು ಬೇಟೆಗಾರರು, ರಜೆಯ ದಿನಗಳಲ್ಲಿ ಸಿಮೆಂಟನ್ನೂ ಕೊಳವೆಗಳನ್ನೂ ಹೊತ್ತು ಬೋಳುಗುಡ್ಡಗಳನ್ನೇರಿ ಮಳೆನೀರಿನ ತೊಟ್ಟಿಗಳನ್ನು ಕಟ್ಟಿದರು. ಆ ನೀರನ್ನು ಕುಡಿಯುವ ಕುರಿಗಳಲ್ಲಿ ತಾವು ಒಂದನ್ನೂ ಹೊಡೆಯಲಾರೆವೆಂಬುದು ಅವರಲ್ಲಿ ಅನೇಕರಿಗೆ ತಿಳಿದಿತ್ತು. ಏಕೆಂದರೆ ಪರವಾನಗಿಗಳು ಅಷ್ಟು ವಿರಳ.

೪

ಹಾಗಾದರೆ ಒಂದನ್ನು ಕೊಂದು ಹಲವನ್ನು ಕಾಯುವುದು ಹೇಗೆ? ಇಲ್ಲಿ ಕೊಂಬಿನ ಉಂಗುರಗಳ ವಿಷಯ ಬರುತ್ತದೆ. ಹಿಂಡಿನ ಬೆಳವಣಿಗೆ ಹೆಣ್ಣುಕುರಿಗಳನ್ನು ಅವಲಂಬಿಸಿದೆ. ಒಂದು ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ; ಒಂದು ಟಗರಾದರೋ ಹಲವು ಹೆಣ್ಣುಗಳನ್ನು ಕೂಡಬಲ್ಲುದು. ಆದುದರಿಂದ ವಯಸ್ಸಾದ ಕೆಲವು ಟಗರುಗಳನ್ನು ತೆಗೆದರೆ ಹುಟ್ಟುವ ಮರಿಗಳ ಸಂಖ್ಯೆ ಇಳಿಯುವುದಿಲ್ಲ. ಕೊಂಬು ಇಷ್ಟು ಸುತ್ತು ಸುತ್ತಿರಬೇಕೆಂಬ ನಿಯಮವನ್ನು ಹಲವು ಪ್ರಾಂತಗಳು ಇಟ್ಟಿರುವುದು, ಎಳೆಯ ಟಗರು ಗುಂಡಿಗೆ ಬೀಳದಿರಲೆಂದು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಹೆಣ್ಣುಕುರಿಗಳು ಅಸಲು, ಮುದಿಟಗರು ಬಡ್ಡಿ.

ಪರವಾನಗಿಗಳು ಬೆರಳೆಣಿಕೆಯಷ್ಟು, ಬೇಡುವವರು ಸಾವಿರಾರು. ಆದಕಾರಣ ಬಹುತೇಕ ಪರವಾನಗಿಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಬದುಕಿನಲ್ಲಿ ಒಂದೇ ಸಲ ಎಂಬ ನಿಯಮವಿರುವ ರಾಜ್ಯಗಳೂ ಇವೆ. ಒಂದೆರಡನ್ನು ಮಾತ್ರ ಹರಾಜಿಗೆ ಇಡುವ ಪದ್ಧತಿ ೧೯೮೦ರ ದಶಕದಿಂದ ಬಳಕೆಗೆ ಬಂತು. ಈ ಹರಾಜುಗಳನ್ನು ಬಹುಮಟ್ಟಿಗೆ ನಡೆಸುವುದು, ೧೯೭೦ರ ದಶಕದಲ್ಲಿ ಬೇಟೆಗಾರರು ಕಟ್ಟಿ ಈಗ ವೈಲ್ಡ್ ಶೀಪ್ ಫೌಂಡೇಷನ್ ಎಂಬ ಹೆಸರಿನಿಂದ ನಡೆಯುತ್ತಿರುವ ಸಂಸ್ಥೆ. ೨೦೧೩ರಲ್ಲಿ ಮೊಂಟಾನ ರಾಜ್ಯದ ಒಂದು ಪರವಾನಗಿ ೪,೮೦,೦೦೦ ಡಾಲರಿಗೆ ಹೋಯಿತು. ಇಂಥ ಹಣದಿಂದ ಕುರಿಗಳ ಗಣನೆ, ರೋಗಪರೀಕ್ಷೆ, ಒಂದು ಬೆಟ್ಟದಿಂದ ಹಿಡಿದು ಇನ್ನೊಂದು ಬರಿದಾದ ಬೆಟ್ಟಕ್ಕೆ ಸಾಗಿಸಿ ನೆಲೆಗೊಳಿಸುವ ಕಾರ್ಯ, ಇವೆಲ್ಲ ನಡೆಯುತ್ತವೆ. ೧೯೫೦-೬೦ರ ಸುಮಾರಿಗೆ ೨೫,೦೦೦ಕ್ಕೆ ಇಳಿದಿದ್ದ ಹಿರಿಗೊಂಬಿನ ಕುರಿಗಳು ಈಗ ೮೫,೦೦೦ಕ್ಕೆ ಏರಿವೆಯೆಂದು ಆ ಸಂಸ್ಥೆಯೇ ಕೊಡುವ ಲೆಕ್ಕ. ತನ್ನ ಸಾಧನೆಯನ್ನು ತಾನೇ ಹೇಳುವಾಗ ಅಂಕಿಗಳು ಸ್ವಲ್ಪ ದುಂಡಗಾಗುವುದುಂಟು. ಆದರೂ ಏರಿಕೆ ನಿಜವೆಂಬುದರಲ್ಲಿ ಸಂದೇಹವಿಲ್ಲ.

೫

ಇನ್ನು ಖಾತೆಯ ಇನ್ನೊಂದು ಪುಟವನ್ನು ತಿರುವಬೇಕು. ಹಣದಿಂದ ಸಾಧ್ಯವಾಗದ ಸಂಗತಿಗಳು ಮೂರು.

ಮೊದಲನೆಯದು ರೋಗ. ಸಾಕುಕುರಿಯ ಮೂಗಿನಲ್ಲಿ ನಿರುಪದ್ರವವಾಗಿ ವಾಸಿಸುವ ಒಂದು ಸೂಕ್ಷ್ಮಜೀವಿ ಕಾಡುಕುರಿಗೆ ತಗಲಿದರೆ ನ್ಯುಮೋನಿಯಾ ಆಗಿ ಹಿಂಡಿಗೆ ಹಿಂಡೇ ನೆಲ ಹಿಡಿಯುತ್ತದೆ. ೧೯೯೫-೯೬ರ ಚಳಿಗಾಲದಲ್ಲಿ ಹೆಲ್ಸ್ ಕ್ಯಾನಿಯನ್ ಎಂಬ ಕಮರಿಯಲ್ಲಿ ಮುನ್ನೂರರಷ್ಟು ಕುರಿಗಳು ಹೀಗೆ ಸತ್ತುವು. ಬದುಕುಳಿದ ಹೆಣ್ಣುಗಳು ರೋಗವನ್ನು ಹೊತ್ತುಕೊಂಡೇ ಇದ್ದು, ವರ್ಷವರ್ಷವೂ ತಮ್ಮ ಮರಿಗಳಿಗೆ ಅದನ್ನು ದಾಟಿಸುತ್ತವೆ. ಇದಕ್ಕೆ ಬಳಕೆಗೆ ಬಂದ ಲಸಿಕೆ ಇಲ್ಲ. ಎರಡು ಬಗೆಯ ಕುರಿಗಳನ್ನು ದೂರವಿಡುವುದೊಂದೇ ಉಪಾಯ. ಆದುದರಿಂದ ಬೇಟೆಗಾರರ ಸಂಘಗಳು ಈಗ ಕುರಿಸಾಕಣೆಯವರೊಡನೆ ಮಾತಾಡಿ, ಸರ್ಕಾರಿ ಬೆಟ್ಟಗಳ ಮೇಲಿನ ಮೇಯಿಸುವ ಹಕ್ಕನ್ನು ಅವರು ತಾವಾಗಿ ಬಿಟ್ಟುಕೊಟ್ಟರೆ ಅದಕ್ಕೆ ಪರಿಹಾರ ತೆರುತ್ತವೆ. ಕುರುಬನ ಜೀವನೋಪಾಯವನ್ನು ಕಸಿದುಕೊಳ್ಳದೆ ಕಾಡುಕುರಿಗೆ ಜಾಗ ಮಾಡಿಕೊಡುವ ಈ ವಿಧಾನ ಶ್ಲಾಘ್ಯವೆಂದೇ ಹೇಳಬೇಕು.

ಎರಡನೆಯದು ನೆನಪು. ಹೊಸ ಬೆಟ್ಟಕ್ಕೆ ಒಯ್ದು ಬಿಟ್ಟ ಕುರಿಗಳಿಗೆ ಚಳಿಗಾಲದಲ್ಲಿ ಎಲ್ಲಿಗೆ ಇಳಿಯಬೇಕು, ವಸಂತದಲ್ಲಿ ಎಳೆಹುಲ್ಲನ್ನು ಅನುಸರಿಸಿ ಯಾವ ದಾರಿಯಿಂದ ಏರಬೇಕು ಎಂಬುದು ತಿಳಿದಿರುವುದಿಲ್ಲ. ಅದು ಹುಟ್ಟಿನಿಂದ ಬರುವ ಜ್ಞಾನವಲ್ಲವೆಂದೂ ತಾಯಿಯಿಂದ ಮರಿಗೆ ದಾಟಿಬರುವ ವಿದ್ಯೆಯೆಂದೂ ೨೦೧೮ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿಕೊಟ್ಟಿತು. ಬಹುಕಾಲದಿಂದ ನೆಲೆನಿಂತ ಹಿಂಡುಗಳಲ್ಲಿ ಬಹುಪಾಲು ಕುರಿಗಳು ವಲಸೆ ಹೋಗುತ್ತವೆ. ಹೊಸದಾಗಿ ತಂದು ಬಿಟ್ಟ ಹಿಂಡುಗಳಲ್ಲಿ ಹಾಗೆ ಹೋಗುವವು ನೂರರಲ್ಲಿ ಹತ್ತೂ ಇಲ್ಲ. ಆ ವಿದ್ಯೆ ಮತ್ತೆ ಹಿಂಡಿನಲ್ಲಿ ಕುದುರಲು ದಶಕಗಳು ಬೇಕು. ಹುಟ್ಟೂರನ್ನು ಬಿಟ್ಟು ಬಂದು ಪರಸ್ಥಳದಲ್ಲಿ ಮಕ್ಕಳಿಗೆ ಮನೆಮಾತನ್ನು ಕಲಿಸುತ್ತಿರುವ ನಮ್ಮಂಥವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಳೆದುಹೋದ ಹಿಂಡನ್ನು ಹಣ ಕೊಟ್ಟು ತರಬಹುದು. ಆ ಹಿಂಡಿಗೆ ಗೊತ್ತಿದ್ದ ದಾರಿಯನ್ನು ತರಲಾಗದು.

ಮೂರನೆಯದು ಕೊಂಬಿನ ಆಸೆಯೇ. ಕೆನಡದ ಆಲ್ಬರ್ಟ ಪ್ರಾಂತದ ರಾಮ್ ಮೌಂಟನ್ ಎಂಬಲ್ಲಿ ಕುರಿಗಳನ್ನು ಮೂರು ದಶಕಗಳ ಕಾಲ ಒಂದೊಂದಾಗಿ ಗುರುತಿಸಿ ಅಳೆದವರು, ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆಯುತ್ತ ಬಂದುದರಿಂದ ಸಣ್ಣ ಕೊಂಬಿನ ಸಂತತಿ ಹೆಚ್ಚಿತೆಂದು ೨೦೦೩ರಲ್ಲಿ ವರದಿ ಮಾಡಿದರು. ಬೇಗ ದೊಡ್ಡ ಕೊಂಬು ಬೆಳೆಸಿದ ಟಗರು, ಸಂತಾನಕ್ಕೆ ತನ್ನ ಸರದಿ ಬರುವ ಮೊದಲೇ ಗುಂಡಿಗೆ ಗುರಿಯಾಗುತ್ತಿತ್ತು. ಬಡ್ಡಿಯೆಂದು ತಿಳಿದು ತೆಗೆದುದರಲ್ಲಿ ಅಸಲಿನ ಒಂದಂಶವೂ ಹೊರಟುಹೋಗುತ್ತಿತ್ತೆಂದು ಇದರ ಅರ್ಥ. ಎಲ್ಲ ಬೆಟ್ಟಗಳಲ್ಲೂ ಹೀಗೆಯೇ ಆಗಿದೆಯೆಂದಲ್ಲ. ಪರವಾನಗಿ ವಿರಳವಾಗಿರುವ ಕಡೆ ಅಪಾಯ ಕಡಮೆ. ಆದರೆ ನಿಯಮ ಸಡಿಲವಾದರೆ ಬೇಟೆಗಾರನು ತಾನು ಮೆಚ್ಚಿದ್ದನ್ನೇ ಮೊದಲು ಕಳೆದುಕೊಳ್ಳುವನೆಂಬುದಕ್ಕೆ ಇದು ಸಾಕ್ಷಿ.

೬

ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಮಾತ್ರ ಇದು ಸಾಧ್ಯವೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ತೋರ್‌ಘರ್ ಎಂಬ ಬೆಟ್ಟಸಾಲಿದೆ. ಅಲ್ಲಿ ಉರಿಯಲ್ ಎಂಬ ಕಾಡುಕುರಿಯೂ ಮಾರ್ಖೋರ್ ಎಂಬ ತಿರುಚುಗೊಂಬಿನ ಕಾಡುಮೇಕೆಯೂ ಇದ್ದುವು. ಆಫ್ಘಾನಿಸ್ತಾನದ ಯುದ್ಧದಿಂದ ಬಂದೂಕುಗಳು ಅಗ್ಗವಾಗಿ ಕೈಗೈ ಸೇರಿದಾಗ ಎರಡೂ ಅಳಿಯುವ ಸ್ಥಿತಿಗೆ ಬಂದುವು. ೧೯೮೦ರ ದಶಕದ ಮಧ್ಯದಲ್ಲಿ ಅಲ್ಲಿಯ ಜೋಗೆಜೈ ಮನೆತನದ ಮುಖಂಡರು ಒಂದು ಏರ್ಪಾಟು ಮಾಡಿದರು: ಊರವರು ಬೇಟೆಯನ್ನು ನಿಲ್ಲಿಸತಕ್ಕದ್ದು, ಊರಿನ ಬೇಟೆಗಾರರೇ ಸಂಬಳದ ಕಾವಲುಗಾರರಾಗತಕ್ಕದ್ದು, ಆ ಸಂಬಳವನ್ನು, ಹೊರಗಿನಿಂದ ಬರುವ ಕೆಲವೇ ಬೇಟೆಗಾರರಿಗೆ ವರ್ಷಕ್ಕೆ ಕೆಲವೇ ಗಂಡುಗಳನ್ನು ಹೊಡೆಯಲು ಬಿಟ್ಟು ಬರುವ ಶುಲ್ಕದಿಂದ ಕೊಡತಕ್ಕದ್ದು. ೧೯೯೪ರ ಅಂದಾಜಿನಲ್ಲಿ ಉರಿಯಲ್ ೧,೧೭೩, ಮಾರ್ಖೋರ್ ೬೯೫ ಇದ್ದುವು. ೨೦೦೫ರ ಅಂದಾಜಿಗೆ ಅವು ಕ್ರಮವಾಗಿ ೩,೧೪೬ ಮತ್ತು ೨,೫೪೧ ಆದುವು. ಪಾಕಿಸ್ತಾನದಲ್ಲಿ ಇಂಥ ಶುಲ್ಕದ ಶೇಕಡಾ ೮೦ ಭಾಗ ಸ್ಥಳೀಯ ಜನಕ್ಕೆ ಸೇರುವ ಪದ್ಧತಿ ಇದೆ. ಬೆಟ್ಟದ ಮೇಲಿನ ಜೀವಂತ ಕುರಿ ತನ್ನ ಮಗನ ಶಾಲೆಗೂ ಊರಿನ ಬಾವಿಗೂ ಆಧಾರವೆಂದು ತಿಳಿದವನು ಅದನ್ನು ಒಂದು ದಿನದ ಊಟಕ್ಕಾಗಿ ಕೊಲ್ಲುವುದಿಲ್ಲ.

ನಮ್ಮ ನೀಲಗಿರಿಯ ಉದಾಹರಣೆ ಇದಕ್ಕಿಂತಲೂ ಹಳೆಯದು. ಬಡಗರು ನೆಲಸಿರುವ ಆ ಬೆಟ್ಟಗಳಲ್ಲಿಯೂ ಅದರ ದಕ್ಷಿಣದ ಆನೆಮಲೆ, ಮುನ್ನಾರುಗಳಲ್ಲಿಯೂ ವಾಸಿಸುವ ವರೆಯಾಡು, ಇಂಗ್ಲಿಷರ ನೀಲಗಿರಿ ತಾರ್, ಬಹುಕಾಲ ಕಾಡುಮೇಕೆಗಳ ಸಾಲಿನಲ್ಲಿ ಎಣಿಸಲ್ಪಟ್ಟಿತ್ತು. ೨೦೦೫ರಲ್ಲಿ ಪ್ರಕಟವಾದ ವಂಶಪರೀಕ್ಷೆ ಅದು ಕುರಿಗಳಿಗೇ ಹತ್ತಿರದ ನೆಂಟನೆಂದು ತೋರಿಸಿತು. ೧೮೭೭ರಲ್ಲಿ ಅಲ್ಲಿಯ ಆಂಗ್ಲ ಬೇಟೆಗಾರರು ನೀಲಗಿರಿ ಗೇಮ್ ಅಸೋಸಿಯೇಷನ್ ಸ್ಥಾಪಿಸಿದರು. ೧೮೭೯ರಲ್ಲಿ ಮದರಾಸು ಸರ್ಕಾರ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಶಾಸನ ಮಾಡಿತು. ಬೆನ್ನಿನ ಮೇಲೆ ಜೀನು ಹಾಕಿದಂತೆ ಬೆಳ್ಳನೆಯ ಮಚ್ಚೆ ಮೂಡಿದ ಮುದಿಗಂಡುಗಳನ್ನು ಮಾತ್ರ ಹೊಡೆಯಬಹುದೆಂಬ ನಿಯಮ ಬಂತು. ಮುನ್ನಾರಿನ ಎರವಿಕುಳಂ ಪ್ರಸ್ಥಭೂಮಿಯನ್ನು ಚಹಾತೋಟದ ದೊರೆಗಳ ಬೇಟೆಸಂಘ, ಮುದುವರ್ ಜನಾಂಗದವರನ್ನು ಕಾವಲಿಗಿಟ್ಟು ಕಾಯ್ದುಕೊಂಡು ಬಂತು. ೧೯೭೧ರಲ್ಲಿ ಆ ನೆಲ ಕೇರಳ ಸರ್ಕಾರದ ವಶವಾಗಿ, ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ವರೆಯಾಡಿನ ಅತಿ ದೊಡ್ಡ ಹಿಂಡು ಅಲ್ಲಿಯದು.

ಈ ಸಂಘಗಳನ್ನು ಹೊಗಳುವಾಗ ಎಚ್ಚರವೂ ಬೇಕು. ಅವರು ಕಾಯ್ದದ್ದು ಆಳುವವರ ವಿನೋದಕ್ಕಾಗಿ. ಬೆಟ್ಟದ ಮೂಲನಿವಾಸಿಗಳ ಬೇಟೆಯ ಹಕ್ಕಿಗೆ ಅಲ್ಲಿ ಬೆಲೆಯಿರಲಿಲ್ಲ. ವರೆಯಾಡನ್ನು ಕಾಯ್ದವರೇ ಅದನ್ನು ತಿನ್ನುವ ಕಾಡುನಾಯಿಯನ್ನು ಕೊಲ್ಲಲು ಬಹುಮಾನ ಕೊಡುತ್ತಿದ್ದರು. ಬೇಟೆಗಾರನ ಪ್ರೀತಿ ತಾನು ಮೆಚ್ಚಿದ ಪ್ರಾಣಿಯ ಆಚೆಗೆ ಸುಲಭವಾಗಿ ಹೋಗದು. ಅಮೆರಿಕದಲ್ಲಿ ತೋಳಗಳ ಗತಿಯೂ ಬಹುಕಾಲ ಹೀಗೆಯೇ ಇತ್ತು.

೭

ನಮ್ಮ ದೇಶವು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯ ದಾರಿಯನ್ನು ಮುಚ್ಚಿತು. ಆ ಬಳಿಕವೂ ವರೆಯಾಡು ಅಳಿಯಲಿಲ್ಲ. ೨೦೨೫ರಲ್ಲಿ ತಮಿಳುನಾಡು ಮತ್ತು ಕೇರಳ ಕೂಡಿ ನಡೆಸಿದ ಗಣನೆಯಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿ ಕಂಡುಬಂದುವು. ಆದುದರಿಂದ ಬೇಟೆಗಾರನಿಲ್ಲದೆ ರಕ್ಷಣೆಯೇ ಇಲ್ಲವೆಂಬ ವಾದ ನಿಲ್ಲುವುದಿಲ್ಲ. ಬೇಟೆಗಾರನು ರಕ್ಷಕನಾಗಲಾರನೆಂಬ ವಾದವೂ, ಮೇಲೆ ಕಂಡಂತೆ, ನಿಲ್ಲುವುದಿಲ್ಲ. ನಿಲ್ಲುವುದು ಇಷ್ಟು: ಪ್ರಾಣಿಯನ್ನು ಬಯಸುವವನು ಯಾರೇ ಆಗಲಿ, ಅವನು ಬೆಲೆ ತೆರಬೇಕು, ತೆತ್ತ ಬೆಲೆ ಬೇರೆ ಖಾತೆಗೆ ಹೋಗಬಾರದು, ಅದರಲ್ಲಿ ಬೆಟ್ಟದ ಜನಕ್ಕೆ ಪಾಲಿರಬೇಕು, ಅಸಲಿಗೆ ಕೈಹಾಕಬಾರದು. ಈ ನಾಲ್ಕು ಇರುವಲ್ಲಿ ಕುರಿ ಉಳಿದಿದೆ.

ಇನ್ನು ನಮ್ಮ ಸಂಗತಿ. ನಾವು ಕೊಲ್ಲುವುದಿಲ್ಲ; ಅದು ಪುಣ್ಯವೇ. ಆದರೆ ಕೊಲ್ಲದಿರುವುದೇ ಕಾಯುವುದಾಗದು. ಅರಿಜೋನದ ಬೇಟೆಗಾರನು ರಜೆಯ ದಿನ ಸಿಮೆಂಟು ಹೊತ್ತು ಬೋಳುಗುಡ್ಡ ಹತ್ತಿದನು. ಅಹಿಂಸಕರಾದ ನಾವು ವರೆಯಾಡಿಗಾಗಿಯಾಗಲಿ, ಲಡಾಖಿನ ಬೆಟ್ಟಗಳಲ್ಲಿ ಅಲ್ಲಲ್ಲಿ ಉಳಿದಿರುವ ಶಾಪು, ನ್ಯಾನ್ ಎಂಬ ಕಾಡುಕುರಿಗಳಿಗಾಗಿಯಾಗಲಿ ಏನನ್ನು ಹೊತ್ತಿದ್ದೇವೆ? ಅಭಯಾರಣ್ಯಕ್ಕೆ ಹೋದಾಗ ನಾವು ಕೊಟ್ಟ ಪ್ರವೇಶಧನ ಯಾವ ಖಾತೆಗೆ ಹೋಗುತ್ತದೆ, ಅದರಲ್ಲಿ ಕಾವಲುಗಾರನ ಪಾಲೆಷ್ಟು ಎಂದು ವಿಚಾರಿಸುವುದಕ್ಕೆ ಬಂದೂಕಿನ ಪರವಾನಗಿ ಬೇಕಾಗಿಲ್ಲ. ಅಷ್ಟನ್ನಾದರೂ ನಾವು ಮಾಡತಕ್ಕದ್ದು.